ಕಾಫಿ ತಕ್ಕಡಿಯಲ್ಲಿ ತೂಗಿದ ಮಗು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಹೇಳಲಿರುವ ಸಂಗತಿಯಲ್ಲಿ ಅರ್ಧ ತಪ್ಪು ತಕ್ಕಡಿಯ ಹತ್ತಿರ ನಡೆದದ್ದು, ಇನ್ನರ್ಧ ನನ್ನ ಬಾಯಿಂದ ಬಂದದ್ದು.

ನಾನು ಅಂಗನವಾಡಿ ಟೀಚರ್. ಹುಟ್ಟಿದ್ದು ಕುಶಾಲನಗರದ ಹತ್ತಿರ, ಹಾಸನದ ಕಡೆಯಿಂದ ಬಂದು ಹೊಲ ಮಾಡಿಕೊಂಡವರ ಮನೆಯಲ್ಲಿ. ಮದುವೆಯಾಗಿ ಬಂದದ್ದು ಮಡಿಕೇರಿಯಿಂದ ಗಾಳಿಬೀಡಿನ ಕಡೆಗೆ ಹೋಗುವಾಗ ಸಿಗುವ ಈ ಗುಡ್ಡದ ಊರಿಗೆ. ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಕೂಗಿ ಮಾತಾಡಿ ಬೆಳೆದವಳು, ದನಿ ದೊಡ್ಡದು. ಬಂದ ಹೊಸದರಲ್ಲಿ ನಮ್ಮತ್ತೆ, "ಮೆಲ್ಲ ಮಾತಾಡು ಮಾರಾಯ್ತಿ, ಆಚೆ ಗುಡ್ಡದವ್ರಿಗೂ ಕೇಳ್ತದೆ" ಎನ್ನುತ್ತಿದ್ದರು. ಅವರು ಹೇಳಿ ಹೇಳಿ ಸುಸ್ತಾದರು, ನಾನು ಮಾತ್ರ ಬದಲಾಗಲಿಲ್ಲ.

ನಮ್ಮ ಕೇಂದ್ರಕ್ಕೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಮೇಲಿನ ಕಾಫಿ ಎಸ್ಟೇಟಿನ ಲೈನಿನವರು. ಲೈನ್ ಎಂದರೆ ಕೆಲಸದವರಿಗಾಗಿ ಒಂದಕ್ಕೊಂದು ಅಂಟಿಸಿ ಕಟ್ಟಿದ ಮನೆಗಳು. ಅಲ್ಲಿಂದ ಬರುತ್ತಿದ್ದವರಲ್ಲಿ ಒಬ್ಬಳು ಪುಟ್ಟ ಹುಡುಗಿ. ಮೂವರು ಹೆಣ್ಣುಮಕ್ಕಳಲ್ಲಿ ಕೊನೆಯವಳು. ಅಕ್ಕಂದಿರಿಬ್ಬರೂ ಶಾಲೆಗೆ ಹೋಗುತ್ತಿದ್ದರು, ತಾಯಿ ಎಸ್ಟೇಟಿನಲ್ಲಿ ಪಿಕ್ಕಿಂಗ್, ಕಳೆ, ಗೊಬ್ಬರ ಎಂದು ದಿನವಿಡೀ ತೋಟದಲ್ಲಿ. ಆ ವರ್ಷ ಮಾರ್ಚಿನಲ್ಲಿ ಮಗುವಿಗೆ ಮೂರು ತುಂಬಿತ್ತು, ತೂಕ ಒಂಬತ್ತು ಕಿಲೋ ಮುನ್ನೂರು ಗ್ರಾಂ. ನಾವು ತೂಕ ಗುರುತಿಸುವ ಚಾರ್ಟಿನಲ್ಲಿ ಹಸಿರು, ಹಳದಿ, ಕೆಂಪು ಎಂದು ಮೂರು ಪಟ್ಟಿ ಇರುತ್ತವೆ. ಇವಳು ಕೆಂಪಿನಲ್ಲಿದ್ದಳು. ಡಾಕ್ಟರು ನೋಡಿ, ಕಾಯಿಲೆ ಏನೂ ಇಲ್ಲ, ಹೊಟ್ಟೆಗೆ ಸರಿಯಾಗಿ ಬೀಳಬೇಕು ಅಷ್ಟೇ ಎಂದಿದ್ದರು.

ಹೊಟ್ಟೆಗೆ ಬೀಳುವುದೇ ಕಷ್ಟವಾಗಿತ್ತು. ಒಬ್ಬಳೇ ಕೂತರೆ ಇವಳು ತಿನ್ನುತ್ತಿರಲಿಲ್ಲ. ತುತ್ತನ್ನು ಕೆನ್ನೆಯಲ್ಲಿಟ್ಟುಕೊಂಡು ಅರ್ಧ ಗಂಟೆ ಗೋಡೆ ನೋಡುತ್ತಿದ್ದಳಂತೆ. ಕೇಂದ್ರದಲ್ಲಿ ಮಾತ್ರ ಹಾಗಲ್ಲ. ಅಲ್ಲಿ ನನ್ನದೊಂದು ಕಟ್ಟುನಿಟ್ಟಿನ ಕ್ರಮ ಇತ್ತು. ಎಲ್ಲರೂ ಸಾಲಾಗಿ ಕೂರಬೇಕು, ತಟ್ಟೆ ಮುಂದಿರಬೇಕು, ನಾನು ಹೇಳುವವರೆಗೆ ಯಾರೂ ಕೈ ಹಾಕಬಾರದು. "ಕೈ ತೊಳ್ಕೊಂಡ್ರಾ? ಸಾಲಾಗಿ ಕೂತ್ರಾ? ಪಕ್ಕದವ್ರ ತಟ್ಟೆಗೆ ಬಡಿಸಿ ಆಯ್ತಾ? ಹ್ಞೂಂ, ಶುರು!" ಎಂದು ನಾನು ಕೂಗಿದರೆ ಇಪ್ಪತ್ತು ಕೈ ಒಟ್ಟಿಗೆ ಇಳಿಯುತ್ತಿದ್ದವು. ಇವಳು ಪಕ್ಕದವರ ಬಾಯಿ ನೋಡುತ್ತಾ ನೋಡುತ್ತಾ, ಅವರು ಅಗಿದರೆ ತಾನೂ ಅಗಿದು, ಅವರು ನುಂಗಿದರೆ ತಾನೂ ನುಂಗಿ ತಟ್ಟೆ ಖಾಲಿ ಮಾಡುತ್ತಿದ್ದಳು. ಇನ್ನು ಮೂರು ತಿಂಗಳು ಹೀಗೇ ನಡೆದರೆ ಕೆಂಪು ದಾಟಿಬಿಡುತ್ತಾಳೆ ಎಂದು ನಾನು ಲೆಕ್ಕ ಹಾಕಿದ್ದೆ.

ಅಷ್ಟರಲ್ಲಿ ಲಾಕ್‌ಡೌನ್ ಬಂತು.

ಕೇಂದ್ರಕ್ಕೆ ಬೀಗ ಬಿತ್ತು. ಮಕ್ಕಳನ್ನು ಸೇರಿಸಬಾರದು, ಒಟ್ಟಿಗೆ ಊಟ ಹಾಕಬಾರದು, ಒಬ್ಬರನ್ನು ತೂಗಿದ ಜೋಲಿಯಲ್ಲಿ ಇನ್ನೊಬ್ಬರನ್ನು ಕೂರಿಸಬಾರದು. ಅಕ್ಕಿ, ಹೆಸರುಕಾಳು, ಬೆಲ್ಲ, ಹಾಲಿನ ಪುಡಿ, ಮೊಟ್ಟೆ ಎಲ್ಲವನ್ನೂ ಮನೆಗೇ ಮುಟ್ಟಿಸಿ ಎಂದು ಆದೇಶ. ಜೊತೆಗೆ ಮನೆಮನೆ ಸರ್ವೆ: ಯಾರಿಗೆ ಜ್ವರ, ಯಾರಿಗೆ ಕೆಮ್ಮು, ಯಾರು ಹೊರಗಿನಿಂದ ಬಂದರು. ನಿನ್ನೆಯವರೆಗೆ ಕಾಫಿ ಕುಡಿದು ಹೋಗಿ ಟೀಚರ್ ಎನ್ನುತ್ತಿದ್ದವರು ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿದರು. ಕಿಟಕಿಯಿಂದಲೇ, "ನಮ್ಮಲ್ಲಿ ಯಾರಿಗೂ ಎಂತದೂ ಇಲ್ಲ, ನೀವು ಹೋಗಿ" ಎನ್ನುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು. ಆದರೆ ಹೆದರಿಕೆ ನನಗೂ ಇತ್ತು, ಅವರನ್ನು ಏನೆಂದು ಬೈಯಲಿ?

ಎಸ್ಟೇಟಿನವರು ಗೇಟೇ ಹಾಕಿಬಿಟ್ಟರು. ಒಳಗಿನವರು ಹೊರಗಿಲ್ಲ, ಹೊರಗಿನವರು ಒಳಗಿಲ್ಲ. ಗೇಟಿನ ಬೀಗದ ಕೈ ಇದ್ದದ್ದು ರೈಟರ ಹತ್ತಿರ. ಎಸ್ಟೇಟಿನಲ್ಲಿ ಹಾಜರಿ ಬರೆಯುವ, ಕಾಫಿ ತೂಗಿಸುವ ಗುಮಾಸ್ತರನ್ನು ರೈಟರು ಎನ್ನುತ್ತಾರೆ. ಇವರು ಕೇರಳದ ಗಡಿಯ ಕರಿಕೆಯವರು, ಮನೆಮಾತು ಮಲಯಾಳ, ವಯಸ್ಸು ಅರವತ್ತರ ಹತ್ತಿರ. ಒಂದು ಮಾತು ಆಡುವಲ್ಲಿ ಅರ್ಧ ಮಾತು ಆಡುವ ಮನುಷ್ಯ.

"ಒಂದು ನಿಮಿಷ ಬಿಡಿ ರೈಟ್ರೇ, ಮಗು ನೋಡಿ ಬಂದ್ಬಿಡ್ತೀನಿ" ಎಂದು ಎಷ್ಟು ಕೇಳಿದರೂ ಬಿಡಲಿಲ್ಲ.

"ಎಂಬತ್ತು ಮನೆ ಸುತ್ತುವವ್ರು ನೀವು. ನೀವೇ ದೊಡ್ಡ ಡೇಂಜರ್ ಟೀಚರೇ" ಎಂದರು. ಸುಳ್ಳಲ್ಲವಲ್ಲ, ಬಾಯಿ ಮುಚ್ಚಿಕೊಂಡು ಬಂದೆ.

ಹಾಗಾಗಿ ತಿಂಗಳಿಗೆ ಎರಡು ಸಲ ರೇಷನ್ ಚೀಲ ಹೊತ್ತು ಗೇಟಿನವರೆಗೆ ಹೋಗುತ್ತಿದ್ದೆ. ಕಬ್ಬಿಣದ ಸರಳಿನ ಆಚೆ ತಾಯಿ ನಿಂತಿರುತ್ತಿದ್ದಳು, ಸೀರೆ ಸೆರಗನ್ನೇ ಮೂಗಿಗೆ ಕಟ್ಟಿಕೊಂಡು. ಗಂಡ ಕೆಲಸಕ್ಕೆಂದು ಕೇರಳಕ್ಕೆ ಹೋದವನು ಗಡಿ ಮುಚ್ಚಿದ್ದರಿಂದ ಅಲ್ಲೇ ಸಿಕ್ಕಿಬಿದ್ದಿದ್ದ. ಮೂವರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಇವಳೊಬ್ಬಳೇ. "ಮೊಟ್ಟೆ ಚಿಕ್ಕವಳಿಗೆ ಕಣಮ್ಮಾ, ಎಲ್ರಿಗೂ ಹಂಚ್ಬೇಡ" ಎಂದು ನಾನು ಪ್ರತಿ ಸಲವೂ ಹೇಳುತ್ತಿದ್ದೆ. "ಆಯ್ತು ಟೀಚರಮ್ಮ" ಎಂದು ಅವಳು ಪ್ರತಿ ಸಲವೂ ಹೇಳುತ್ತಿದ್ದಳು. ನನಗೆ ನಂಬಿಕೆ ಇರಲಿಲ್ಲ. ಶಾಲೆಗಳೂ ಮುಚ್ಚಿದ್ದವು, ದೊಡ್ಡವರಿಬ್ಬರಿಗೆ ಅಲ್ಲಿ ಸಿಗುತ್ತಿದ್ದ ಬಿಸಿಯೂಟವೂ ನಿಂತಿತ್ತು. ಹಸಿದ ಇಬ್ಬರು ಮಕ್ಕಳು ಎದುರಿಗೆ ಕೂತಿರುವಾಗ ಮೂರನೆಯವಳಿಗೆ ಮಾತ್ರ ಮೊಟ್ಟೆ ಸುಲಿದು ಕೊಡುವ ತಾಯಿ ಎಲ್ಲಿದ್ದಾಳೆ? ನಾನಾಗಿದ್ದರೆ ಕೊಡುತ್ತಿರಲಿಲ್ಲ. ನಾನು ಮಾಡಲಾರದ್ದನ್ನು ಅವಳೂ ಮಾಡಲಾರಳು ಎಂದುಕೊಂಡಿದ್ದೆ.

ಜೂನ್ ಬಂತು. ನಮ್ಮ ಮೇಲ್ವಿಚಾರಕಿ ಮೇಡಂ ಫೋನ್ ಮಾಡಿ, ಕೆಂಪು ಪಟ್ಟಿಯ ಮಕ್ಕಳ ತೂಕ ಹೇಗಾದರೂ ಮಾಡಿ ಕೊಡಿ ಎಂದರು. ನಮ್ಮ ಕೇಂದ್ರದ ತಕ್ಕಡಿಯ ಕೊಕ್ಕೆ ಮೊದಲೇ ಮುರಿದಿತ್ತು, ಮಾರ್ಚಿನಲ್ಲಿ ಪಕ್ಕದೂರಿನ ಕೇಂದ್ರದಿಂದ ಕಡ ತಂದು ತೂಗಿದ್ದೆ. ಈಗ ಯಾರೂ ಯಾರಿಗೂ ಏನನ್ನೂ ಕೊಡುವ ಹಾಗಿಲ್ಲ. ಆಗ ನನಗೆ ಹೊಳೆದದ್ದು ಎಸ್ಟೇಟಿನ ತಕ್ಕಡಿ. ಪಿಕ್ಕಿಂಗ್ ಸಮಯದಲ್ಲಿ ಸಂಜೆ ಹೆಂಗಸರು ಕೊಯ್ದು ತಂದ ಹಣ್ಣನ್ನು ಚೀಲಗಳಲ್ಲಿ ತುಂಬಿ ತೂಗಿಸಿ ಕೂಲಿ ಲೆಕ್ಕ ಹಾಕುತ್ತಾರಲ್ಲ, ಅದು. ನೇತುಹಾಕುವ ಡಿಜಿಟಲ್ ತಕ್ಕಡಿ, ಕೆಂಪು ಅಂಕಿ ಬೆಳಗುವಂಥದ್ದು. ಗೋಡೌನಿನಲ್ಲಿ ಸುಮ್ಮನೆ ಬಿದ್ದಿತ್ತು.

ರೈಟರಿಗೆ ಫೋನ್ ಮಾಡಿದೆ. "ಮಗೂನ ಬಟ್ಟೆ ಜೋಳಿಗೇಲಿ ಕೂರಿಸಿ ನಿಮ್ಮ ತಕ್ಕಡಿಗೆ ಹಾಕಿ ರೈಟ್ರೇ, ಎಷ್ಟು ಬರ್ತದೆ ಹೇಳಿ, ಸಾಕು."

ಒಂದು ಗಂಟೆ ಬಿಟ್ಟು ಅವರೇ ಮಾಡಿದರು. "ಎಂಟು ಏಳ್ನೂರು."

"ಎಷ್ಟು?"

"ಎಂಟು ಕಿಲೋ ಏಳ್ನೂರು ಗ್ರಾಂ ಟೀಚರೇ. ಎರಡು ಸಲ ಹಾಕಿ ನೋಡಿದೆ."

ಮೂರು ತಿಂಗಳಲ್ಲಿ ಏರಬೇಕಾದ ಮಗು ಆರುನೂರು ಗ್ರಾಂ ಇಳಿದಿತ್ತು. ಮೂರು ವರ್ಷದ ಮಗು ಹಾಗೆ ಇಳಿದರೆ ಒಂದು ಜ್ವರ ಸಾಕು, ಒಂದು ಭೇದಿ ಸಾಕು. ಹೆದರಿಕೆ ನನ್ನಲ್ಲಿ ಯಾವತ್ತೂ ಹೆದರಿಕೆಯಾಗಿ ಉಳಿಯುವುದಿಲ್ಲ, ಕೂಡಲೇ ಕೋಪವಾಗುತ್ತದೆ. "ಅವಳಮ್ಮ ಅಲ್ಲೇ ಇದ್ದಾಳಾ?" ಎಂದೆ. ಇದ್ದಾಳೆ ಎಂದರು ರೈಟರು.

"ಏನಮ್ಮಾ, ನಾನು ಹೊತ್ಕೊಂಡು ಬಂದು ಕೊಟ್ಟ ಮೊಟ್ಟೆ ಎಲ್ಲ ಯಾರ ಹೊಟ್ಟೆಗೆ ಹೋಯ್ತು? ಹಾಲಿನ ಪುಡಿ ಹಾಕಿ ದೊಡ್ಡೋರೆಲ್ಲ ಕಾಫಿ ಕಾಯಿಸ್ಕೊಂಡು ಕುಡಿದ್ರಾ? ಆ ಮಗೂಗೆ ಏನಾದ್ರೂ ಆದ್ರೆ ನೀನೇ ಕಾರಣ, ತಿಳ್ಕೋ!"

ಅವಳ ದನಿ ಸಣ್ಣಗೆ ಕೇಳಿಸಿತು, "ಸರಿ ಟೀಚರಮ್ಮ." ಅಷ್ಟೇ. ಫೋನ್ ಇಡುವ ಮುಂಚೆ ರೈಟರು ಗಂಟಲು ಸರಿಮಾಡಿಕೊಂಡು ಹೇಳಿದರು: "ಟೀಚರೇ, ಸ್ಪೀಕರಲ್ಲಿತ್ತು. ಲೈನಿನವ್ರೆಲ್ಲ ಇದ್ರು."

ನಾಲಿಗೆ ಕಚ್ಚಿಕೊಂಡೆ. ಆದರೂ ಮನಸ್ಸಿನೊಳಗೆ, ಇರಲಿ, ಹೀಗಾದರೂ ಬುದ್ಧಿ ಬರಲಿ ಎಂದುಕೊಂಡೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಮೇಡಂಗೆ ಹೇಳಿದೆ. ಅವರು ಅಲ್ಲಿ ಇಲ್ಲಿ ವಿಚಾರಿಸಿ ಮರುದಿನ ತಿಳಿಸಿದರು. ಇಂಥ ಮಕ್ಕಳಿಗೆಂದೇ ಆಸ್ಪತ್ರೆಯೊಂದರಲ್ಲಿ ಇದ್ದ ಕೋಣೆ ಈಗ ಕೊರೊನಾದವರಿಗೆ ಹೋಗಿದೆ, ಅದರ ಎದುರಿನ ಕೋಣೆಯಲ್ಲಿ ಒಂದು ಹಾಸಿಗೆ ಕೊಡುತ್ತಾರೆ. ತಾಯಿ, ಮಗು ಎರಡು ವಾರ ಅಲ್ಲೇ ಇರಬೇಕು. ಬೇರೆ ಮಕ್ಕಳನ್ನು ಬಿಡುವುದಿಲ್ಲ. ಕಾರಿಡಾರಿನ ಆ ಕಡೆ ಕೊರೊನಾ, ಈ ಕಡೆ ಎಲುಬು ಕಾಣುವ ಮಗು. ಹಿಂದೆ ಇಬ್ಬರು ಹುಡುಗಿಯರು ಲೈನಿನಲ್ಲಿ ಒಬ್ಬಂಟಿ. ಕಳಿಸಿದರೂ ಭಯ, ಕಳಿಸದಿದ್ದರೂ ಭಯ. ಕೊನೆಗೆ ಕಳಿಸುವುದೇ ಸರಿ ಎಂದು ತೀರ್ಮಾನ ಮಾಡಿ, ಆಟೋಕ್ಕೆ ಹೇಳಿ, ರೈಟರಿಗೆ ಫೋನ್ ಮಾಡಿ ತಾಯಿಯನ್ನು ಸಿದ್ಧವಾಗಿರಲು ಹೇಳಿಸಿದೆ.

ಮರುದಿನ ಹತ್ತೂವರೆ ಹನ್ನೊಂದಕ್ಕೆ ಆಟೋ ಗೇಟಿನ ಮುಂದೆ ನಿಂತಿತು. ಮಳೆ ಬಿಟ್ಟು ಮಂಜು ಕೆಳಗಿಳಿದಿತ್ತು. ತಾಯಿ ಒಂದು ಬಟ್ಟೆಗಂಟು ಹಿಡಿದುಕೊಂಡು ನಿಂತಿದ್ದಳು. ಕಣ್ಣು ಊದಿತ್ತು. ಪುಟ್ಟವಳನ್ನು ದೊಡ್ಡಕ್ಕ ಸೊಂಟದ ಮೇಲೆ ಕೂರಿಸಿಕೊಂಡಿದ್ದಳು, ಮಂಜಿಗೆಂದು ಮಗುವಿಗೆ ಮಂಕಿಕ್ಯಾಪು, ದೊಡ್ಡವಳ ಸ್ವೆಟರು ಎಲ್ಲ ಸುತ್ತಿದ್ದರು. ಮುಖವೇ ಕಾಣುತ್ತಿರಲಿಲ್ಲ. ಮುಖ ಕಂಡಿದ್ದರೆ ನನಗೆ ಅಲ್ಲೇ ಏನಾದರೂ ತಿಳಿಯುತ್ತಿತ್ತೋ ಏನೋ.

ತಾಯಿ ನನ್ನ ಮುಖ ನೋಡದೆ ಒಂದೇ ಒಂದು ಮಾತು ಕೇಳಿದಳು. "ಟೀಚರಮ್ಮ, ಆಸ್ಪತ್ರೇಲಿ ಊಟಕ್ಕೆ ಮಕ್ಕಳನ್ನ ಸಾಲಾಗಿ ಕೂರಿಸ್ತಾರಾ?"

ಇದೆಂಥ ಪ್ರಶ್ನೆ, ಈ ಹೊತ್ತಿನಲ್ಲಿ! "ಅದೇನು ಮದುವೆ ಮನೆಯಾ? ಹಾಸಿಗೆ ಮೇಲೇ ಕೊಡ್ತಾರೆ" ಎಂದು ಗದರಿದೆ. ಅವಳು ತಲೆ ತಗ್ಗಿಸಿದಳು.

ಸೇರಿಸುವ ಫಾರಂನಲ್ಲಿ ಅದೇ ದಿನದ ತೂಕ ಬೇಕಿತ್ತು. ನಾನೇ ಕಣ್ಣಾರೆ ನೋಡಿ ಬರೆದು ಸಹಿ ಹಾಕಬೇಕು. ಅದಕ್ಕೆಂದು ರೈಟರು ಕೊನೆಗೂ ಗೇಟು ತೆಗೆದು ನನ್ನನ್ನು ಲೈನಿನ ಎದುರಿಗೇ ಇದ್ದ, ಕಾಫಿ ಒಣಗಿಸುವ ಕಣದವರೆಗೆ ಬಿಟ್ಟರು. ಗೋಡೌನಿನ ಮಾಡಿನ ತೊಲೆಗೆ ತಕ್ಕಡಿ ತೂಗುಹಾಕಿದ್ದರು. ಸ್ವೆಟರು ಬಿಚ್ಚಿ, ತಾಯಿಯ ಹಳೇ ಸೀರೆಯ ತುಂಡಿನಲ್ಲಿ ಮಗುವನ್ನು ಕೂರಿಸಿ ಕೊಕ್ಕೆಗೆ ಸಿಕ್ಕಿಸಿದರು. ನಾನು ಮಾರು ದೂರದಲ್ಲಿ ಪೆನ್ನು ಹಿಡಿದು ನಿಂತೆ. ತಕ್ಕಡಿ ಓಲಾಡಿ ನಿಂತಿತು.

"ಎಂಟು ಏಳ್ನೂರು, ಬರ್ಕೊಳ್ಳಿ" ಎಂದರು ರೈಟರು.

ನಾನು ಬರೆಯಲು ಬಗ್ಗಿದವಳು ಒಮ್ಮೆ ತಲೆಯೆತ್ತಿದೆ. ಕೆಂಪು ಅಂಕಿಗಳು ನನ್ನ ಕಡೆಗೇ ಇದ್ದವು. ಹತ್ತು, ಚುಕ್ಕಿ, ಎರಡು.

"ರೈಟ್ರೇ, ಅಲ್ಲಿ ಎಷ್ಟಿದೆ?"

"ಹತ್ತು ಇನ್ನೂರು."

"ಮತ್ತೆ ಎಂಟು ಏಳ್ನೂರು ಅಂತೀರಲ್ಲ?"

ಅವರು ನನ್ನನ್ನು ಪಾಪದವಳು ಎನ್ನುವ ಹಾಗೆ ನೋಡಿದರು. "ಚೀಲಕ್ಕೂ ಪಸೆಗೂ ಸೇರಿ ಒಂದೂವರೆ ಕಿಲೋ ತೆಗೀಬೇಕಲ್ಲ ಟೀಚರೇ?"

ಒಂದು ಗಳಿಗೆ ಯಾರಿಗೂ ಏನೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲ ಒಟ್ಟಿಗೇ ಅರ್ಥವಾಯಿತು. ಮೂವತ್ತು ವರ್ಷದಿಂದ ಆ ತಕ್ಕಡಿಗೆ ಬಿದ್ದದ್ದೆಲ್ಲ ಕಾಫಿ ಚೀಲ. ಚೀಲದ ಭಾರಕ್ಕೆಂದು, ಮಂಜಿಗೆ ನೆಂದ ಪಸೆಗೆಂದು ಒಂದೂವರೆ ಕಿಲೋ ಕಳೆದು ಹೇಳುವುದು ಆ ಎಸ್ಟೇಟಿನ ಪದ್ಧತಿ. ರೈಟರ ಕಣ್ಣು ಒಂದು ಅಂಕಿ ನೋಡುತ್ತದೆ, ಬಾಯಿ ಇನ್ನೊಂದು ಹೇಳುತ್ತದೆ. ನಡುವೆ ಯೋಚನೆಗೆ ಜಾಗವೇ ಇಲ್ಲ. ಕೊಕ್ಕೆಯಲ್ಲಿ ನೇತಾಡುತ್ತಿದ್ದದ್ದು ಗೋಣಿಚೀಲವಲ್ಲ, ಅಂಗೈಯಲ್ಲಿ ಮುದುಡಿ ಹಿಡಿಯಬಹುದಾದ ಒಂದು ಸೀರೆ ತುಂಡು ಎನ್ನುವುದು ಅವರ ಬಾಯಿಗೆ ಹೊಳೆದೇ ಇರಲಿಲ್ಲ. ಮೊನ್ನೆ ಎರಡು ಸಲ ನೋಡಿದ್ದೂ ನಿಜ, ಎರಡು ಸಲವೂ ಕಳೆದಿದ್ದೂ ನಿಜ.

"ಅಯ್ಯೋ ನಿಮ್ಮ! ಮಗೂಗೆ ಎಂಥ ಪಸೆ ರೈಟ್ರೇ?" ಎಂದು ನಾನು ಕೂಗಿದ ದನಿ ಆಚೆ ಗುಡ್ಡಕ್ಕೂ ಕೇಳಿಸಿರಬೇಕು.

ರೈಟರು ತಲೆ ಮೇಲೆ ಕೈಯಿಟ್ಟುಕೊಂಡು ಕಣದ ಕಟ್ಟೆಯ ಮೇಲೆ ಕುಸಿದರು. ಆಗ ತಾಯಿ, ಅಷ್ಟು ದಿನ 'ಸರಿ ಟೀಚರಮ್ಮ', 'ಆಯ್ತು ಟೀಚರಮ್ಮ' ಬಿಟ್ಟು ಹೆಚ್ಚೇನೂ ಆಡದ ಹೆಂಗಸು, ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಮ್ಮ ಚೀಲದಲ್ಲಿ ತೆಗ್ದಿದ್ದು ಸಾಲ್ದು ಅಂತ ನನ್ನ ಮಗಳಲ್ಲೂ ಒಂದೂವರೆ ಕಿಲೋ ತೆಗ್ದುಬಿಟ್ರಾ ರೈಟ್ರೇ?"

ಲೈನಿನ ಜಗಲಿಗಳಲ್ಲಿ ನಿಂತು ನೋಡುತ್ತಿದ್ದ ಹೆಂಗಸರೆಲ್ಲ ಹೋ ಎಂದು ನಕ್ಕರು. ರೈಟರೂ ನಕ್ಕರು, ಬೇರೆ ದಾರಿ ಇರಲಿಲ್ಲ. ನಾನು ನಗುತ್ತಾ ನಗುತ್ತಾ ಅತ್ತುಬಿಟ್ಟೆ. ಹತ್ತು ಕಿಲೋ ಇನ್ನೂರು! ಇಳಿದಿಲ್ಲ, ಒಂಬೈನೂರು ಗ್ರಾಂ ಏರಿದ್ದಾಳೆ. ನೆಲದ ಮೇಲೆ ಕೂತು ಚಾರ್ಟ್ ಬಿಡಿಸಿ, ಬೆರಳಿಟ್ಟು ನೋಡಿದೆ. ಚುಕ್ಕಿ ಕೆಂಪನ್ನು ಕೂದಲೆಳೆಯಷ್ಟು ದಾಟಿ ಹಳದಿಗೆ ಬಿದ್ದಿತ್ತು. ಕೂದಲೆಳೆಯಾದರೇನು, ದಾಟಿತ್ತು. ಮೈಮೇಲಿನ ಬಂಡೆ ಯಾರೋ ಎತ್ತಿದ ಹಾಗಾಯಿತು. ಮೇಡಂಗೆ ಫೋನ್ ಮಾಡಿ ಹೇಳಿದರೆ, "ಸರಿಯಾಗಿ ನೋಡಿದ್ರೇನ್ರೀ?" ಎಂದು ಮೂರು ಸಲ ಕೇಳಿ, ಕೊನೆಗೆ ಅವರೂ ಉಸ್ಸಪ್ಪಾ ಎಂದರು. ಆಟೋದವನಿಗೆ ಬರುವುದಿಲ್ಲ ಎಂದೆ. ಅವನು ಹಾರ್ನ್ ಹೊಡೆದು ಹೊರಟ.

ನಗು ಇಳಿದ ಮೇಲೆ ನೆನಪಾಯಿತು. ಸ್ಪೀಕರಿನಲ್ಲಿ ಆಡಿದ ಮಾತು. ಅವಳ ಹತ್ತಿರ ಹೋಗುವ ಹಾಗಿಲ್ಲ, ಕೈ ಹಿಡಿಯುವ ಹಾಗಿಲ್ಲ. ಎರಡು ಮಾರು ದೂರದಲ್ಲೇ ನಿಂತು, "ತಪ್ಪಾಯ್ತು ಕಣಮ್ಮಾ. ನಿನ್ನನ್ನ ಏನೇನೋ ಅಂದೆ" ಎಂದೆ.

"ಟೀಚರೇ, ಸ್ಪೀಕರ್ ಹಾಕ್ಬೇಕಾ?" ಎಂದರು ಹಿಂದಿನಿಂದ ರೈಟರು. ಸರಿಯಾಗಿಯೇ ಹೇಳಿದರು. ಹಾಗಾಗಿ ನನ್ನ ಹೊಲದ ದನಿ ತೆಗೆದು, ಎಲ್ಲಾ ಜಗಲಿಗಳಿಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿದೆ: "ನನ್ನದು ತಪ್ಪಾಯ್ತು! ಮೊಟ್ಟೆ ಮಗುವಿಗೇ ಹೋಗಿದೆ!"

ಅವಳು ಬಟ್ಟೆಗಂಟು ಬಿಚ್ಚಿದಳು. ಒಳಗೆ ಎರಡು ಫ್ರಾಕು, ಒಂದು ಟವೆಲ್ಲು, ಒಂದು ಸ್ಟೀಲ್ ತಟ್ಟೆ. ತಟ್ಟೆಯನ್ನು ಮಧ್ಯದವಳ ಕೈಗೆ ಕೊಟ್ಟು, "ಹಾಕ್ರೇ, ಹೊತ್ತಾಯ್ತು" ಎಂದಳು.

ಹುಡುಗಿಯರಿಬ್ಬರೂ ಓಡಿದರು. ತಮ್ಮ ಮನೆಯ ಜಗಲಿಯ ಮೇಲೆ ಒಂದು ಚೀಲ ಹಾಸಿ ಮೂರು ತಟ್ಟೆಗಳನ್ನು ಸಾಲಾಗಿ ಇಟ್ಟರು. ಆ ಅಂಚಿನಲ್ಲಿ ದೊಡ್ಡವಳು, ಈ ಅಂಚಿನಲ್ಲಿ ಮಧ್ಯದವಳು, ನಡುವೆ ಪುಟ್ಟವಳು. ಅಂಗನವಾಡಿಯಲ್ಲಿ ಕೂರುವ ಹಾಗೆಯೇ ಚಕ್ಕಳಮಕ್ಕಳ, ಕೈ ಮಡಿಲಲ್ಲಿ. ಇಬ್ಬರ ತಟ್ಟೆಗೆ ಗಂಜಿ, ಒಂದಿಷ್ಟು ಚಟ್ನಿ. ನಡುವಿನ ತಟ್ಟೆಗೆ ಅನ್ನ, ಹೆಸರುಕಾಳಿನ ಸಾರು. ದೊಡ್ಡವಳು ಬೇಯಿಸಿದ ಮೊಟ್ಟೆಯೊಂದನ್ನು ಸುಲಿದು, ನಾಲ್ಕು ಮಾಡಿ, ನಾಲ್ಕನ್ನೂ ನಡುವಿನ ತಟ್ಟೆಗೆ ಹಾಕಿದಳು. ಬೆರಳಿಗೆ ಅಂಟಿದ ಹಳದಿಯನ್ನು ಕೂಡ ಆ ತಟ್ಟೆಯ ಅಂಚಿಗೇ ಸವರಿದಳು. ಅವಳಿಗೆ ಒಂಬತ್ತು ವರ್ಷ.

ಮೂರು ತಿಂಗಳು, ದಿನವೂ ಹೀಗೆ.

ಆಸ್ಪತ್ರೆಯಲ್ಲಿ ಸಾಲಾಗಿ ಕೂರಿಸುತ್ತಾರಾ ಎಂದು ಅವಳು ಕೇಳಿದ್ದು ಯಾಕೆ ಎಂದು ಈಗ ತಿಳಿಯಿತು.

ತಾಯಿ ಜಗಲಿಯ ಮುಂದೆ ಹೋಗಿ ನಿಂತು, ಸೊಂಟಕ್ಕೆ ಕೈ ಕೊಟ್ಟು, ದನಿ ಎತ್ತರಿಸಿದಳು. "ಕೈ ತೊಳ್ಕೊಂಡ್ರಾ? ಸಾಲಾಗಿ ಕೂತ್ರಾ? ಪಕ್ಕದವ್ರ ತಟ್ಟೆಗೆ ಬಡಿಸಿ ಆಯ್ತಾ?" ನನ್ನದೇ ಮಾತು, ನನ್ನದೇ ಗದರಿಕೆ, ಹಾಸನದ ಎಳೆತವನ್ನೂ ಬಿಟ್ಟಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು.

"ಇವತ್ತು ನೀವೇ ಹೇಳಿ ಟೀಚರಮ್ಮ. ಕಾಯ್ತಾ ಇದ್ದಾಳೆ."

ಪುಟ್ಟವಳು ಟೋಪಿ ಕಿತ್ತೆಸೆದು ನನ್ನನ್ನೇ ನೋಡುತ್ತಿದ್ದಳು. ಕೆನ್ನೆ ತುಂಬಿತ್ತು. ಕೈ ಇನ್ನೂ ಮಡಿಲಲ್ಲೇ ಇತ್ತು. ಅಷ್ಟು ದೂರದಿಂದ ಯಾರಿಗೇನೂ ಆಗುವುದಿಲ್ಲ ಎಂದು ಮಾಸ್ಕ್ ಕೆಳಗೆ ಎಳೆದೆ. ಹೊಲದಿಂದ ಹೊಲಕ್ಕೆ ಕೂಗುವ ನನ್ನ ದನಿ ಅವತ್ತು ಮೆಲ್ಲಗೆ ಬಂತು.

"ಹ್ಞೂಂ, ಶುರು" ಎಂದೆ.

ಮೂರು ಕೈ ಒಟ್ಟಿಗೆ ಇಳಿದವು.